ಮಗಳಿಗೊಂದು ಪತ್ರ: ಆ ಐದು ಹೆಸರುಗಳು

ಮಂಡ್ಯ
ಸೋಮವಾರ ರಾತ್ರಿ

ಪುಟ್ಟಿ,

ನಿನ್ನೆ ನೀನು ಅರ್ಧ ಊಟಕ್ಕೇ ಎದ್ದು ಹೊರಟಾಗ ನಿನ್ನ ಹಾಳೆಗಳು ದಿವಾನಿನ ಮೇಲೆ ಉಳಿದುಬಿಟ್ಟವು. ಫೋಟೊ ತೆಗೆದು ಕಳಿಸು ಅಂತ ಬೆಳಿಗ್ಗೆ ನೀನು ಒಂದು ಸಾಲು ಹಾಕಿದ್ದೆ, ಅದರಲ್ಲಿ ಅಮ್ಮ ಅನ್ನೋ ಪದವೂ ಇರಲಿಲ್ಲ. ಕಳಿಸಿದ್ದೀನಿ. ಅಸಲು ಹಾಳೆಗಳನ್ನ ನಾಳೆ ನಿನ್ನ ತಮ್ಮನ ಕೈಲಿ ಮೈಸೂರಿಗೆ ಕಳಿಸ್ತೀನಿ, ಈ ಕಾಗದವನ್ನೂ ಅದರ ಜೊತೇಲೇ. ಫೋನು ಮಾಡಿದರೆ ಮತ್ತೆ ಇಬ್ಬರ ದನಿಯೂ ಏರುತ್ತೆ.

ಯಾರು ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಅದನ್ನ ಬಿಡೋಣ. ಆ ಕತ್ತರಿ ವಿಷಯ ನಾನು ಎತ್ತಬಾರದಿತ್ತು. ಅದೂ ನಿನ್ನ ತಮ್ಮನ ಎದುರಿಗೆ.

ಹಾಳೆಗಳನ್ನ ಓದಿದೆ. ನಿನ್ನ ಅಕ್ಷರ ಎಲ್ಲಿದ್ದರೂ ಗುರುತು ಸಿಗುತ್ತೆ, ಎಡಗೈ ಹೊರಳಿದ ಕಡೆಯೆಲ್ಲ ಶಾಯಿ ಮಸಿಯಾಗಿರುತ್ತೆ. ನಿನ್ನ ಗಾರ್ಮೆಂಟ್ಸ್ ಫ್ಯಾಕ್ಟರಿಯ ಲೈನ್ ಲೇಔಟ್, ಶರ್ಟು ಹೊಲಿಯೋ ಮಿಷನ್‌ಗಳ ಸಾಲಿನ ನಕ್ಷೆ, ನೋಡಿ ಹೆಮ್ಮೆ ಆಯ್ತು. ಕಾಲರ್, ಕಫ್, ಫ್ರಂಟ್, ಅಸೆಂಬ್ಲಿ, ಎಲ್ಲಿ ಎಷ್ಟು ಮಿಷನ್, ಯಾವ ಬಂಡಲ್ ಎಲ್ಲಿ ಬಂದು ಸೇರಬೇಕು ಅನ್ನೋದನ್ನ ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದೀಯ. ನಲವತ್ತು ಜನರನ್ನ ನಡೆಸೋ ವಯಸ್ಸಲ್ಲ ನಿನ್ನದು, ಆದರೂ ನಡೆಸ್ತಿದ್ದೀಯ. ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೀನಿ, ನಿನಗೆ ಸಿಟ್ಟು ಬಂದರೂ ಸರಿ.

ಆಮೇಲೆ ಅಪ್ರೈಸಲ್ ಹಾಳೆ, ನಿನ್ನ ಕೈಕೆಳಗಿನವರ ಕೆಲಸಕ್ಕೆ ಮಾರ್ಕು ಹಾಕೋದು. ಐದು ಹೆಸರು, ಐದರ ಮುಂದೂ ಒಂದೇ ಮಾತು: ಆಟಿಟ್ಯೂಡ್ ಸರಿಯಿಲ್ಲ. ಐದು ಜನ ರೋಗಿಗಳಿಗೂ ಒಂದೇ ಕಾಯಿಲೆ ಅಂತ ಯಾವ ಡಾಕ್ಟರೂ ಬರೆಯಲ್ಲ. ಶುಕ್ರವಾರ ಕೊಡಬೇಕು ಅಂದೆಯಲ್ಲ, ಇನ್ನೂ ನಾಲ್ಕು ದಿನ ಇದೆ. ಪ್ರತಿ ಗಂಟೆಯ ಪ್ರೊಡಕ್ಷನ್ ಲೆಕ್ಕವನ್ನ ನೀನೇ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೀಯ. ಒಂದು ಸಲ ಅದನ್ನ ನನ್ನ ಜೊತೆ ಕೂತು ಓದು.

ಮೊದಲನೆಯವಳು ಜೇಬು ಹಚ್ಚೋಳು. ಆ ಕೆಲಸದ ಸ್ಯಾಮ್, ಒಂದು ಪೀಸಿಗೆ ಇಷ್ಟು ಅಂತ ಗೊತ್ತುಮಾಡಿದ ಹೊತ್ತು, 0.60 ನಿಮಿಷ, ಅಂದರೆ ನೂರಕ್ಕೆ ನೂರು ಎಫಿಶಿಯೆನ್ಸಿಯಲ್ಲಿ ಗಂಟೆಗೆ 100 ಪೀಸು. ಇವಳದು ಸರಾಸರಿ 62. ನೀನು 'ಸೋಮಾರಿ' ಅಂತ ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿದ್ದೀಯ, ಗುರುತು ಉಳಿದಿದೆ. ಅದೇ ಪುಟದ ಮೂಲೆಯಲ್ಲಿ ನೀನೇ ಸ್ಟಾಪ್‌ವಾಚ್ ಹಿಡಿದು ಹತ್ತು ಪೀಸಿನ ಹೊತ್ತು ಬರೆದಿದ್ದೀಯ. 37, 38, 39, ಮತ್ತೆ 38. ಹತ್ತೂ ಹೆಚ್ಚುಕಡಿಮೆ ಒಂದೇ. ಕೈ ಕುದುರಿಲ್ಲದವಳಾದರೆ ಒಂದು ಪೀಸು 35 ಸೆಕೆಂಡು, ಇನ್ನೊಂದು 60 ಅಂತ ಕುಣಿದಾಡುತ್ತೆ: ಮೂಲೆ ತಿರುಗಿಸುವಾಗ ತಡವರಿಸ್ತಾಳೆ, ಬಿಚ್ಚಿ ಮತ್ತೆ ಹಾಕ್ತಾಳೆ. ಇವಳ ಕೈ ಕುದುರಿದೆ. ಹಾಗಾದರೆ 62 ಯಾಕೆ? ಗುಣಿಸು. 62 ಪೀಸು, ಪೀಸಿಗೆ 38 ಸೆಕೆಂಡು, 2,356 ಸೆಕೆಂಡು, ಅಂದರೆ 39 ನಿಮಿಷ 16 ಸೆಕೆಂಡು. ಒಂದು ಗಂಟೆಯಲ್ಲಿ ಅವಳ ಸೂಜಿ ಓಡಿದ್ದು ಅಷ್ಟೇ ಹೊತ್ತು. ಉಳಿದ 20 ನಿಮಿಷ 44 ಸೆಕೆಂಡು ಎಲ್ಲಿ ಹೋಯ್ತು? ಬಂಡಲ್ ಬಿಚ್ಚೋದು, ಬಾಬಿನ್ ಬದಲಿಸೋದು, ನೀರು ಕುಡಿಯೋದು, ಬೆವರು ಒರೆಸೋದು ಅಂತ ಶೇಕಡಾ 15 ತೆಗೆದಿಟ್ಟರೂ 9 ನಿಮಿಷ. ಇನ್ನೂ ಹನ್ನೊಂದು ಮುಕ್ಕಾಲು ನಿಮಿಷ ಲೆಕ್ಕಕ್ಕೆ ಸಿಕ್ಕಿಲ್ಲ.

ಆ ಹನ್ನೊಂದು ಮುಕ್ಕಾಲು ನಿಮಿಷಕ್ಕೆ ನೀನು ಆಟಿಟ್ಯೂಡ್ ಅಂತ ಹೆಸರಿಟ್ಟಿದ್ದೀಯ. ಹೋಗಿ ಒಂದು ಗಂಟೆ ಅವಳ ಹಿಂದೆ ನಿಲ್ಲು, ಎದುರಿಗೆ ಅಲ್ಲ. ಕೈ ನಿಂತಾಗಲೆಲ್ಲ ಯಾಕೆ ನಿಂತಿತು ಅಂತ ಒಂದು ಗೆರೆ ಹಾಕು: ಬಂಡಲ್ ಬರಲಿಲ್ಲ, ದಾರ ಕಡೀತು, ಜೇಬಿನ ಅಂಚು ಐರನ್ ಆಗಿಲ್ಲ, ಚೆಕರ್ ಬಿಚ್ಚಿ ತಿದ್ದಬೇಕಾದ ಪೀಸು ವಾಪಸ್ ತಂದಳು, ಮಾತಾಡ್ತಾ ಕೂತಳು. ಮಾತಾಡ್ತಾ ಕೂತದ್ದೇ ಹೆಚ್ಚಿದ್ದರೆ ನೀನು ಬರೆದಿದ್ದೇ ಸರಿ, ನಾನು ಬಾಯಿ ಮುಚ್ಚಿಕೊಳ್ತೀನಿ. ಆದರೆ ನಿನ್ನ ಹಾಳೆಯಲ್ಲೇ ಅವಳ ಹಿಂದಿನ ಐರನಿಂಗ್ ಟೇಬಲ್ ಗಂಟೆಗೆ 64 ಅಂತ ಇದೆ. 64 ಬರೋ ಕಡೆ 100 ಹೊಲಿ ಅಂದರೆ ಎಲ್ಲಿಂದ ತರ್ತಾಳೆ?

ಲೈನ್ ಕೆಲಸದಲ್ಲಿ ಮೋಸ ಹೋಗೋದು ಇಲ್ಲೇ ಕಣೇ. ಒಬ್ಬಳೇ ಕೂತು ಪೂರ್ತಿ ಶರ್ಟು ಹೊಲಿಯೋ ಕಡೆ ಆಸಕ್ತಿ ಇದ್ದವಳು ಹೆಚ್ಚು ಹೊಲೀತಾಳೆ, ಇಲ್ಲದವಳು ಕಡಿಮೆ, ಕಣ್ಣಿಗೆ ಕಾಣುತ್ತೆ. ಲೈನಿನಲ್ಲಿ ಎಲ್ಲರಿಗಿಂತ ನಿಧಾನದ ಆಪರೇಷನ್ ಎಷ್ಟು ಕೊಡುತ್ತೋ ಮುಂದಿನವರೆಲ್ಲರ ಅಂಕಿಯೂ ಅಷ್ಟೇ. ಒಳ್ಳೆಯ ಮನಸ್ಸು ಅಲ್ಲಿ ಪೀಸಿನ ಲೆಕ್ಕದಲ್ಲಿ ತೋರಲ್ಲ, ಬೇರೆ ಕಡೆ ತೋರುತ್ತೆ. ನಿನ್ನ 14ನೇ ತಾರೀಖಿನ ಹಾಳೆ ನೋಡು: ಸೈಡ್ ಸೀಮ್ ಹುಡುಗಿ, ಹನ್ನೊಂದರಿಂದ ಹನ್ನೆರಡರ ಗಂಟೆಯಲ್ಲಿ 41. ಉಳಿದ ಗಂಟೆಗಳೆಲ್ಲ 55ರ ಮೇಲೆ. ರಿಮಾರ್ಕ್ಸ್‌ನಲ್ಲಿ 'ಶೇಡ್ ಮಿಕ್ಸ್, ಆಪರೇಟರ್ ತಿಳಿಸಿದ್ದು' ಅಂತ ಇದೆ. ಮುಂದಿನ ತುಂಡು ಒಂದು ಥಾನಿನದು, ಹಿಂದಿನದು ಇನ್ನೊಂದು ಥಾನಿನದು, ಬಣ್ಣ ಹೊಂದಲ್ಲ ಅಂತ ಗಮನಿಸಿ ಕೈಯೆತ್ತಿದಳು. ಹದಿನಾಲ್ಕು ಪೀಸು ಕಳಕೊಂಡಳು, ಒಂದು ಬಂಡಲ್ಲನ್ನೇ ಉಳಿಸಿದಳು. ಆಟಿಟ್ಯೂಡ್ ಅನ್ನೋದು ಅದು. ಆ ದಿನದ ಎಫಿಶಿಯೆನ್ಸಿ ಪಟ್ಟಿಯಲ್ಲಿ ಅವಳ ಹೆಸರು ಕೆಳಗಿಂದ ಮೂರನೆಯದು.

ಕತ್ತರಿ ವಿಷಯ ಎತ್ತಬಾರದಿತ್ತು ಅಂದೆ, ಆದರೂ ಎತ್ತುತೀನಿ. ಏಳನೇ ಕ್ಲಾಸಿನ ಆ ಮಾರ್ಕ್ಸ್ ಕಾರ್ಡಿನಲ್ಲಿ ಹೊಲಿಗೆ ಟೀಚರು 'ಶ್ರದ್ಧೆ ಸಾಲದು' ಅಂತ ಬರೆದಿದ್ದರು, ಅದರ ಕೆಳಗೆ ನನ್ನ ಸಹಿ ಇದೆ. ಟೀಚರಿಗೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿತ್ತು. ಬಲಗೈ ಕತ್ತರಿಯನ್ನ ಬಲಗೈಲಿ ಹಿಡಿದು ಮುಚ್ಚಿದಾಗ ಹೆಬ್ಬೆರಳು ಹೊರಕ್ಕೆ ತಳ್ಳುತ್ತೆ, ಬೆರಳುಗಳು ಒಳಕ್ಕೆ ಎಳೀತವೆ, ಎರಡು ಅಲಗೂ ಒಂದಕ್ಕೊಂದು ಒತ್ತಿಕೊಂಡು ಬಟ್ಟೆ ಕತ್ತರಿಸುತ್ತೆ. ಅದನ್ನೇ ಎಡಗೈಲಿ ಹಿಡಿದರೆ ಅದೇ ಬಲ ಅಲಗುಗಳನ್ನ ಅಗಲಿಸುತ್ತೆ. ಬಟ್ಟೆ ನಡುವೆ ಮಡಚಿಕೊಳ್ಳುತ್ತೆ, ಕತ್ತರಿಸಲ್ಲ. ಮೇಲಿನ ಅಲಗು ಗೆರೆಯನ್ನೂ ಮುಚ್ಚಿಬಿಡುತ್ತೆ, ಎಲ್ಲಿ ಕತ್ತರಿಸ್ತಿದ್ದೀವಿ ಅಂತ ಕಾಣಲ್ಲ. ಎಷ್ಟು ಶ್ರದ್ಧೆ ಇದ್ದರೂ ಅಂಚು ಹಲ್ಲು ಹಲ್ಲಾಗುತ್ತೆ. ಊರ ಹುಡುಗಿಯರಿಗೆಲ್ಲ ಹೊಲಿಗೆ ಹೇಳಿಕೊಡೋಳು ಇದನ್ನ ಹೇಳಬಲ್ಲೆ, ಮನೆಯ ಮಗಳ ಕಾರ್ಡಿಗೆ ಮಾತ್ರ ಸಹಿ ಹಾಕಿ ಕೊಟ್ಟೆ. ಮೇಲಿಂದ ಬೈದೆ ಕೂಡ. ಮುಂದಿನ ವರ್ಷ ನೀನು ಆ ಪೀರಿಯಡ್ಡೇ ಬಿಟ್ಟೆ.

ಇರಲಿ. ಎರಡನೆಯವರು. ವಯಸ್ಸು 44 ಅಂತ ಬರೆದಿದ್ದೀಯ, 'ಕಪ್ಪು ಬಟ್ಟೆ ಕೊಟ್ಟರೆ ಮುಖ ಸಿಂಡರಿಸ್ತಾರೆ, ಹಟ' ಅಂತ. ಬಿಳಿ ಸ್ಟೈಲು ಓಡಿದ ವಾರ ಅವರ ಅಂಕಿ ಚೆನ್ನಾಗಿದೆ, ನೇವಿ ಬ್ಲೂ ಬಂದ ವಾರ ಕುಸಿದಿದೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗೋದು ಎಲ್ಲರಿಗೂ ಇದ್ದದ್ದೇ, ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಅಂದರೆ ಕೇಳಲೇಬೇಡ. ಹೊಲಿಗೆ ಮಿಷನ್ ಹತ್ತಿರ 750 ಲಕ್ಸ್ ಬೆಳಕು ಇರಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತೆ. ಮೇಲಿನ ಟ್ಯೂಬಿನದಲ್ಲ, ಸೂಜಿ ಇಳಿಯೋ ಜಾಗದಲ್ಲಿ ಅಳೆದದ್ದು. ಮಿಷನ್ನಿಗೆ ಒಂದು ಎಲ್ಇಡಿ ದೀಪ ಹಾಕಿಸು, ಓದೋ ಕನ್ನಡಕ ಕೊಡಿಸು, ಒಂದು ವಾರ ಬಿಟ್ಟು ನೋಡು. ಹಾಗೇ ಮೂರನೆಯವಳು, ಆ ಓವರ್‌ಲಾಕ್ ಹುಡುಗಿ, 'ಕರೆದರೆ ತಿರುಗಿಯೂ ನೋಡಲ್ಲ, ಕೊಬ್ಬು' ಅಂದೆಯಲ್ಲ, ಅವಳಿಗೆ ಎಡಗಡೆಯಿಂದ ಕರೆದರೂ ಬಲಗಡೆಯಿಂದ ಕರೆದರೂ ಒಂದೇ ಥರವಾ ಅಂತ ಮೊದಲು ಪರೀಕ್ಷೆ ಮಾಡು. ಕಿವಿ ತೋರಿಸಬೇಕಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿಮ್ಮೂರಲ್ಲೇ ಇದೆ. ಹೊರದೇಶದವರೂ ಹುಡುಕಿಕೊಂಡು ಬರ್ತಾರೆ, ನಾವು ಅದರ ಮುಂದೆ ಬಸ್ಸಿನಲ್ಲಿ ಹೋಗ್ತಾ ಇರ್ತೀವಿ.

ನಾಲ್ಕನೆಯವಳ ಹಾಳೆ ನೋಡಿ ನಗು ಬಂತು. ಗಂಟೆಗೆ 70. ಮುಂದಿನ ಗಂಟೆ 70. ಮಾರನೇ ದಿನವೂ 70. ಮನುಷ್ಯರ ಕೈ ಅಷ್ಟು ಸಮವಾಗಿ ಓಡಲ್ಲ ಪುಟ್ಟಿ. ಬೆಳಿಗ್ಗೆ ಚುರುಕು, ಊಟದ ಮೇಲೆ ಜಡ, ಹಾಗಿರುತ್ತೆ. ಅಂಕಿ ಗೆರೆ ಎಳೆದ ಹಾಗೆ ಇದೆ ಅಂದರೆ ಅವಳು ಎಣಿಸಿಕೊಂಡು ನಿಲ್ಲಿಸ್ತಿದ್ದಾಳೆ. ಬೇಗ ಮುಗಿಸಿದರೆ ಬೇಗ ಬಿಡ್ತೀವಿ ಅಂದ ಶನಿವಾರ 88 ಹಾಕಿದ್ದಾಳೆ, ಸಾಮರ್ಥ್ಯ ಇದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಇದು ಮನಸ್ಸಿನದೇ ವಿಷಯ, ಒಪ್ಪಿದೆ. ಆದರೆ ಮೂರು ತಿಂಗಳ ಹಿಂದಿನ ಪುಟಕ್ಕೆ ಹೋಗು. ಟಾರ್ಗೆಟ್ 60 ಇತ್ತು, ಅವಳು 60 ಕೊಟ್ಟಳು. ಮಾರನೇ ವಾರ 65 ಮಾಡಿದಿರಿ. ಕೊಟ್ಟಳು. 70 ಮಾಡಿದಿರಿ. ಇವತ್ತು 88 ತೋರಿಸಿದರೆ ನಾಳೆ ಬೋರ್ಡಿನ ಮೇಲೆ 90 ಬರೀತಾರೆ ಅನ್ನೋದು ಅವಳಿಗೆ ಗೊತ್ತು. ಅವಳದು ಸೋಮಾರಿತನ ಅಲ್ಲ, ಲೆಕ್ಕಾಚಾರ. ಟಾರ್ಗೆಟ್ಟನ್ನ ಸ್ಯಾಮ್‌ನಿಂದ ತೆಗಿ, ನಿನ್ನೆ ಯಾರು ಎಷ್ಟು ಹಾಕಿದರು ಅನ್ನೋದರಿಂದ ಅಲ್ಲ. ಆ ಸ್ಟೈಲ್ ಮುಗಿಯೋವರೆಗೂ ಬದಲಾಯಿಸಲ್ಲ ಅಂತ ಮಾತು ಕೊಡು, ಅದರ ಮೇಲೆ ಹಾಕಿದ್ದಕ್ಕೆ ಇನ್ಸೆಂಟಿವ್ ಎಷ್ಟು ಅಂತ ಬೋರ್ಡಿನಲ್ಲಿ ಬರೆಸು. ಮಾತು ಕೊಟ್ಟ ಮೇಲೆ ಒಂದು ಸಲ ತಪ್ಪಿದರೂ ಆಮೇಲೆ ಅವಳು ಜನ್ಮದಲ್ಲಿ 70 ದಾಟಲ್ಲ.

ಐದನೆಯವಳ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಡ್ಯಾಮೇಜ್ ಪೀಸನ್ನ ಬಂಡಲ್ಲಿನ ಮಧ್ಯಕ್ಕೆ ತುರುಕೋದು, ತಿಂಗಳಲ್ಲಿ ಆರು ದಿನ ಹೇಳದೆ ರಜ. ಇದಕ್ಕೆ ದೀಪ, ಕನ್ನಡಕ, ಮಿಷನ್ ಯಾವುದೂ ಕಾರಣ ಅಲ್ಲ. ಆದರೂ ಆ ಹಾಳೆಯಲ್ಲಿ ಆಟಿಟ್ಯೂಡ್ ಅಂತ ಬರೀಬೇಡ. ಯಾವ ತಾರೀಖು, ಎಷ್ಟು ಗಂಟೆಗೆ, ಯಾವ ಬಂಡಲ್ ನಂಬರ್, ಏನು ಕಣ್ಣಾರೆ ಕಂಡೆ, ಕೇಳಿದಾಗ ಏನಂದಳು, ಅಷ್ಟೇ ಬರಿ. ನೀನು ಕಂಡಿದ್ದನ್ನ ಅವಳು ಒಪ್ಪಬಹುದು, ತಿದ್ದಿಕೊಳ್ಳಲೂಬಹುದು. ಆಟಿಟ್ಯೂಡ್ ಅಂದರೆ ಯಾರು ಏನನ್ನ ಒಪ್ಪಬೇಕು, ಯಾವುದನ್ನ ತಿದ್ದಬೇಕು? ಇನ್ನೊಂದು, ಮೊದಲ ಡ್ಯಾಮೇಜ್ ತೋರಿಸಿದ ದಿನ ಅವಳನ್ನ ಲೈನಿನ ನಡುವೆ ನಿಲ್ಲಿಸಿ ಯಾರಾದರೂ ಕೂಗಾಡಿದ್ದರಾ ಅಂತ ವಿಚಾರಿಸು. ಕೂಗಾಡಿದ್ದರೆ ಎರಡನೇದು ಬಚ್ಚಿಡೋದನ್ನ ನಾವೇ ಕಲಿಸಿದ ಹಾಗೆ. ಅವಳ ತಪ್ಪು ಅದರಿಂದ ಕರಗಿಹೋಗಲ್ಲ, ಅದೂ ಗೊತ್ತು.

ನಿನ್ನ ಎಂಬಿಎ ಪುಸ್ತಕ ಇಲ್ಲೇ ಅಟ್ಟದ ಮೇಲಿದೆ. ಇಳಿಸಿ ಧೂಳು ಒರೆಸಿ ಓದಿದೆ, ನಿದ್ದೆ ಬರಲಿಲ್ಲ. ಬೇರೆಯವರು ಎಡವಿದರೆ ಅವರ ಸ್ವಭಾವವೇ ಹಾಗೆ ಅಂತೀವಿ, ನಾವು ಎಡವಿದರೆ ಕಲ್ಲನ್ನ ದೂರ್ತೀವಿ. ಅದರ ಮೊದಲರ್ಧಕ್ಕೆ 1977ರಲ್ಲಿ ಲೀ ರಾಸ್ ಅನ್ನೋರು ದೊಡ್ಡ ಹೆಸರು ಕೊಟ್ಟಿದ್ದಾರೆ, ನೀನೇ ಹಳದಿ ಪೆನ್ನಿನಲ್ಲಿ ಗೆರೆ ಎಳೆದಿದ್ದೀಯ. ಕೆಲಸದ ಮೇಲಿನ ತೃಪ್ತಿಗೂ ಕೆಲಸದ ಗುಣಕ್ಕೂ ನಂಟು ಇದೆ, ಆದರೆ ಬಿಗಿಯಾದ ನಂಟಲ್ಲ. 2001ರಲ್ಲಿ ಜಡ್ಜ್ ಮತ್ತು ಜೊತೆಗಾರರು ನೂರಾರು ಅಧ್ಯಯನ ಕೂಡಿಸಿ ನೋಡಿದಾಗ 0.30ರ ಸುತ್ತ ಬಂತು, ಪೂರ್ತಿ ನಂಟಿದ್ದರೆ 1 ಬರಬೇಕು. ನಗುನಗುತಾ ಇರೋರೆಲ್ಲ ಚೆನ್ನಾಗಿ ಹೊಲಿಯಲ್ಲ, ಮುಖ ಗಂಟಿಕ್ಕಿಕೊಂಡೋರೆಲ್ಲ ಕೆಡಿಸಲ್ಲ. 'ಹದಿನೈದು ವರ್ಷ ಸರ್ವೀಸ್ ಆದರೂ ಹೀಗೆ' ಅಂತ ಒಬ್ಬರ ಬಗ್ಗೆ ಬರೆದಿದ್ದೀಯ. 1998ರ ಶ್ಮಿಟ್ ಮತ್ತು ಹಂಟರ್ ಲೆಕ್ಕದಲ್ಲಿ ಸರ್ವೀಸ್ ವರ್ಷಕ್ಕೂ ಕೆಲಸದ ಗುಣಕ್ಕೂ ಇರೋ ನಂಟು 0.18, ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡಿದರೆ 0.54. 2022ರಲ್ಲಿ ಸ್ಯಾಕೆಟ್ ಮತ್ತವರ ತಂಡ ಇಂಥ ಅಂಕಿಗಳಲ್ಲಿ ಹೆಚ್ಚಿನವನ್ನ ಕೆಳಗಿಳಿಸಿದರು, ಆದರೆ ಮಾಡಿಸಿ ನೋಡೋದು ಮೇಲೆ, ವರ್ಷ ಎಣಿಸೋದು ಕೆಳಗೆ ಅನ್ನೋದು ಹಾಗೇ ಉಳೀತು. ಹದಿನೈದು ವರ್ಷ ಬರೀ ಕಫ್ ಹೊಲಿದವರು ಕಾಲರ್‌ಗೆ ಬಂದರೆ ಹೊಸಬರೇ.

ಮಾಡಿಸಿ ನೋಡೋದಕ್ಕೆ ದೊಡ್ಡ ವ್ಯವಸ್ಥೆ ಬೇಡ. ಯಾರ ಪೀಸು ಕೆಡ್ತಿದೆಯೋ ಅವರ ಮಿಷನ್ ಮೇಲೆ ಒಳ್ಳೆಯ ಟೈಲರನ್ನ ಒಂದು ಗಂಟೆ ಕೂರಿಸು, ಇವರನ್ನ ಅವರ ಮಿಷನ್‌ಗೆ ಕಳಿಸು. ದೋಷ ಮಿಷನ್ನಿನಲ್ಲೇ ಉಳೀತಾ, ಮನುಷ್ಯರ ಹಿಂದೆ ಹೋಯ್ತಾ ನೋಡು. ದೋಷದ ಜಾತಿಯೂ ಅರ್ಧ ಹೇಳುತ್ತೆ. ಹೊಲಿಗೆ ನಡುನಡುವೆ ಬಿಟ್ಟುಹೋಗ್ತಿದ್ದರೆ ಸೂಜಿ ಮೊಂಡಾಗಿದೆ, ಬಾಗಿದೆ, ಇಲ್ಲ ಸೂಜಿಯ ದಾರ ಹಿಡಿಯೋ ಹುಕ್ಕಿನ ಟೈಮಿಂಗ್ ತಪ್ಪಿದೆ. ಮೊದಲು ಸೂಜಿ ಬದಲಿಸು, ಆಮೇಲೆ ಮೆಕ್ಯಾನಿಕ್ಕನ್ನ ಕರಿ. ಬಟ್ಟೆ ಸುಕ್ಕು ಹಿಡೀತಿದ್ದರೆ ದಾರದ ಟೆನ್ಷನ್ ನೋಡು. ಅಂಚು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಗ್ತಿದ್ದರೆ ಅದು ಕೈಯದು, ಕಲಿಸಬೇಕು. ಸೈಜು ಬೆರೆತಿದ್ದರೆ ಗಮನದ್ದು, ಬಂಡಲ್ ಟಿಕೆಟ್ ಯಾರು ಯಾವಾಗ ಬಿಚ್ಚಿದರು ಅಂತ ಕೇಳು. ಎಣ್ಣೆ ಕಲೆಗೆ ಟೈಲರನ್ನ ಬೈಯೋರನ್ನೂ ನೋಡಿದ್ದೀನಿ.

ಮಧ್ಯಾಹ್ನ ಮೂರರ ಮೇಲೆ ಯಾರದ್ದಾದರೂ ಅಂಕಿ ದಿನಾ ಕುಸಿದರೆ ಅವರು ನೀರು ಕುಡೀತಾರಾ ಅಂತ ಕೇಳು. ಟಾಯ್ಲೆಟ್‌ಗೆ ಎದ್ದರೆ ಬೈಗುಳ ಅಂತ ಬೆಳಿಗ್ಗೆಯಿಂದ ತೊಟ್ಟು ನೀರು ಕುಡಿಯದೆ ಕೂರೋರು ಇರ್ತಾರೆ, ನಿನಗೂ ಗೊತ್ತು. ಹತ್ತು ನಿಮಿಷ ಲೇಟು ಅನ್ನೋ ಕೆಂಪು ಗುರುತು ಒಂದೇ ಊರಿನ ನಾಲ್ಕು ಜನಕ್ಕೆ ಒಂದೇ ದಿನ ಬಿದ್ದಿದ್ದರೆ ಅದು ಬಸ್ಸಿನ ತಪ್ಪು. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಕಾಸು ಉಳೀತಿದೆ, ನಿಜ, ಆದರೆ ತುಂಬಿದ ಬಸ್ಸು ನಿಲ್ಲಿಸದೆ ಹೋದರೆ ಅವರೇನು ಓಡಿಬರ್ತಾರಾ? ಹೊಸ ಸ್ಟೈಲು ಶುರುವಾದ ಮೊದಲ ವಾರದ ಅಂಕಿ ಹಿಡಿದು ಯಾರಿಗೂ ಮಾರ್ಕು ಹಾಕಬೇಡ. ಕಳೆದ ಹದಿನೈದು ದಿನದ ನೆನಪಿನಿಂದ ಆರು ತಿಂಗಳ ಹಾಳೆ ತುಂಬಬೇಡ.

ಉಪದೇಶ ಆಯ್ತು, ಅಲ್ವಾ. ನಾಲ್ಕು ಸಾಲು ಬರೀತೀನಿ ಅಂತ ಕೂತೆ.

ನನ್ನ ಭಯ ಹೇಳಿಬಿಡ್ತೀನಿ. ನಿನ್ನ ಐದು ಹೆಸರಿನಲ್ಲಿ ನಾಲ್ಕು, ಎದುರು ಮಾತಾಡೋರು. ಹಾಳೆಯಲ್ಲಿ ಅದು ಬರೆದಿಲ್ಲ, ನಿನ್ನೆ ನಿನ್ನ ಬಾಯಲ್ಲೇ ಬಂತು. ಬಾಯಿಲ್ಲದೋರು 50 ಹಾಕಿದರೂ 'ಪಾಪ, ಟ್ರೇನಿಂಗ್ ಬೇಕು' ಅಂತ ಬರೆದಿದ್ದೀಯ, ಬಾಯಿದ್ದೋಳು 62 ಹಾಕಿದರೆ ಆಟಿಟ್ಯೂಡ್. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡು. ನೀನೂ ಬಾಯಿದ್ದೋಳು. ನಿನ್ನ ಮೇಲಿನೋರು ನಿನ್ನ ಹಾಳೆ ತುಂಬೋ ದಿನ ಅದೇ ಪದ ಬರೆದರೆ ನೀನು ಏನನ್ನ ತೋರಿಸಿ ಅಲ್ಲ ಅಂತೀಯ? 'ಶ್ರದ್ಧೆ ಸಾಲದು' ಅಂದಾಗ ಆ ಕಾರ್ಡು ಹಿಡಿದು ನೀನು ಬಾಗಿಲ ಹತ್ತಿರ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಬೆರಳಲ್ಲಿ ಕತ್ತರಿ ಒತ್ತಿದ ಗುರುತು ಕೆಂಪಗಿತ್ತು, ನಾನು ನೋಡಿದ್ದೆ. ನೋಡಿಯೂ ಸಹಿ ಹಾಕಿದೆ. ಅವತ್ತು ಅಡುಗೆಗೆ ಹೊತ್ತಾಗಿತ್ತು, ಅಷ್ಟೇ ಕಾರಣ. ನಿನಗೂ ಶುಕ್ರವಾರದ ಒಳಗೆ ಹಾಳೆ ಕೊಡಬೇಕು, ಪ್ರೊಡಕ್ಷನ್ ಮೀಟಿಂಗ್ ಇದೆ, ಹೊತ್ತಿಲ್ಲ. ಗೊತ್ತು ಕಣವ್ವ.

ಮಾತಾಡಬೇಕಾದರೆ ಅವರ ಮಿಷನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಮಾತಾಡು, ಮೈಕಿನಲ್ಲಿ ಬೇಡ. ಕೈಯಲ್ಲಿ ಪೀಸು ಇರಲಿ. ಒಂದು ಸಲಕ್ಕೆ ಒಂದೇ ವಿಷಯ, ಅದೇ ಪಾಳಿಯಲ್ಲಿ, ವಾರ ಕಳೆದ ಮೇಲೆ ಅಲ್ಲ. ನೀನು ಹೇಳಿದ್ದನ್ನ ಅವರ ಬಾಯಲ್ಲೇ ಇನ್ನೊಂದು ಸಲ ಹೇಳಿಸು, ಮಾಡಿ ತೋರಿಸೋಕೆ ಹೇಳು, ಮೂರು ಪೀಸು ಆಗೋವರೆಗೂ ಅಲ್ಲೇ ಇರು.

ನಿನ್ನೆ ನೀನು ಬಿಟ್ಟುಹೋದ ಒಬ್ಬಟ್ಟು ಡಬ್ಬಿಯಲ್ಲಿದೆ, ತುಪ್ಪ ಬೇರೆ ಸಣ್ಣ ಬಾಟಲಿಯಲ್ಲಿ ಹಾಕಿದ್ದೀನಿ. ಹಾಳೆಗಳ ಮೇಲೆ ನಾನು ಪೆನ್ಸಿಲ್ಲಿನಲ್ಲಿ ಗುಣಾಕಾರ ಮಾಡಿದ್ದೀನಿ, ಕೊಡೋ ಮೊದಲು ಅಳಿಸಿಬಿಡು. ತಮ್ಮ ಹತ್ತೂವರೆ ಬಸ್ಸಿಗೆ ಹೊರಡ್ತಾನೆ, ಊಟದ ಬೆಲ್ಲಿಗೆ ಗೇಟಿನ ಹತ್ತಿರ ಇರ್ತಾನೆ, ಒಳಗೆ ಬಿಡಲ್ವಂತೆ. ನೀನೇ ಇಳಿದು ಬಾ, ಸೆಕ್ಯೂರಿಟಿಯವರ ಕೈಗೆ ಕೊಡಿಸಬೇಡ. ಆ ಡಬ್ಬಿ ನಿಮ್ಮಜ್ಜಿಯದು, ವಾಪಸ್ ಬೇಕು.

ಅಮ್ಮ